ಠಾಣೆಯ ವಯಸ್ಸು ಸಿಕ್ಕಿದ್ದು ಪಕ್ಕದ ಮನೆಯ ಕ್ರಯಪತ್ರದಲ್ಲಿ

ಪೊಲೀಸ್ ಠಾಣೆಯ ಚರಿತ್ರೆಯನ್ನು ಠಾಣೆಯ ಒಳಗೆ ಹುಡುಕಬೇಡಿ. ಅಕ್ಕಪಕ್ಕದ ಮನೆ, ಅಂಗಡಿ, ತೋಟಗಳ ಹಳೇ ಕ್ರಯಪತ್ರ ತೆಗೆಸಿ, ಚಕ್ಕುಬಂದಿ, ಅಂದರೆ ಜಾಗದ ನಾಲ್ಕು ದಿಕ್ಕಿಗೆ ಏನೇನಿದೆ ಅನ್ನುವುದನ್ನು ಓದಿ. ನಮ್ಮ ಸ್ಥಳೀಯ ಇತಿಹಾಸದ ಗುಂಪಿನಲ್ಲಿ ಈ ಮಾತು ಹೇಳಿದ ದಿನ ನಕ್ಕವರೇ ಜಾಸ್ತಿ. ಒಬ್ಬ ನಿವೃತ್ತ ಪ್ರೊಫೆಸರು, "ಗುಮಾಸ್ತರೇ, ಸೈಟು ಮಾರಾಟದ ಕಾಗದದಲ್ಲಿ ಪೊಲೀಸ್ ಚರಿತ್ರೆ ಬರೀತೀರಾ?" ಅಂದರು. ಬರೆದೆ. ಪುಸ್ತಿಕೆ ಅಚ್ಚಾಗಿದೆ. ಅದೇ ಪ್ರೊಫೆಸರು ಎರಡು ಪ್ರತಿ ತೆಗೆದುಕೊಂಡು ಹೋಗಿದ್ದಾರೆ, ದುಡ್ಡು ಇನ್ನೂ ಕೊಟ್ಟಿಲ್ಲ.

ನಾನು ಮೂವತ್ತು ಚಿಲ್ಲರೆ ವರ್ಷ ವಕೀಲರೊಬ್ಬರ ಆಫೀಸಿನಲ್ಲಿ ಗುಮಾಸ್ತನಾಗಿದ್ದವನು. ಟೈಟಲ್, ಅಂದರೆ ಆಸ್ತಿ ಯಾರದು ಅಂತ ನೋಡುವುದೇ ಕೆಲಸ. ಇ.ಸಿ. (ಆಸ್ತಿಯ ಋಣಭಾರ ಪತ್ರ) ತೆಗೆಸು, ಮದರ್ ಡೀಡ್ (ಮೂಲ ಪತ್ರ) ಹುಡುಕು, ಚಕ್ಕುಬಂದಿ ತಾಳೆ ನೋಡು. ಡಿಗ್ರಿ ಇದ್ದವರಿಗೆ ಈ ದಾರಿ ಹೊಳೆಯದೇ ಇದ್ದದ್ದು ಅವರ ತಪ್ಪಲ್ಲ. ಅವರು ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗುವುದು ಜೀವನದಲ್ಲಿ ಒಂದೋ ಎರಡೋ ಸಲ, ಅದೂ ಬೆವರು ಒರೆಸಿಕೊಳ್ಳುತ್ತಾ.

ಠಾಣೆಯ ಹೆಸರು ಇಲ್ಲಿ ಬರೆಯುವುದಿಲ್ಲ. ಈಗಿನ ಇನ್ಸ್‌ಪೆಕ್ಟರು ಒಳ್ಳೆಯವರು, ಅವರಿಗೆ ಸುಮ್ನೆ ಫೋನು ಬರುವುದು ಬೇಡ. ಬೆಂಗಳೂರಿನ ಹಳೇ ಮದ್ರಾಸ್ ರಸ್ತೆಯಲ್ಲಿ ಹಲಸೂರು ದಾಟಿ, ಕೆ.ಆರ್. ಪುರ ಮುಟ್ಟುವುದರೊಳಗೆ ಎಲ್ಲೋ ಇದೆ ಎಂದಿಟ್ಟುಕೊಳ್ಳಿ. ಊಹಿಸಿದವರು ಊಹಿಸಿಕೊಳ್ಳಿ.

ಆ ಕಡೆಯ ಠಾಣೆಗಳ ಚರಿತ್ರೆ ಬರೆಯುವುದು ಯಾಕೆ ತಲೆನೋವು ಅಂತ ಈ ಕೆಲಸ ಮಾಡುವವರಿಗೆ ಗೊತ್ತು. 1881ರಲ್ಲಿ ಬ್ರಿಟಿಷರು ಮೈಸೂರು ರಾಜ್ಯವನ್ನು ಚಾಮರಾಜೇಂದ್ರ ಒಡೆಯರಿಗೆ ವಾಪಸ್ ಕೊಟ್ಟಾಗ ಬೆಂಗಳೂರಿನ ದಂಡು (ಕಂಟೋನ್ಮೆಂಟ್) ಪ್ರದೇಶವನ್ನು ಮಾತ್ರ ತಮ್ಮ ಹತ್ತಿರವೇ ಇಟ್ಟುಕೊಂಡರು. ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಅಂತ ಹೆಸರು, ಬ್ರಿಟಿಷರ ಪ್ರತಿನಿಧಿಯಾದ ರೆಸಿಡೆಂಟರ ಆಡಳಿತ, ಅವರದೇ ಪೊಲೀಸು. ಗಡಿ ದಾಟಿದರೆ ಮೈಸೂರು ಸಂಸ್ಥಾನದ ಪೊಲೀಸು. ಇವೆರಡು ಸಾಲದು ಅಂತ ನಡುವೆ ರೈಲು. 1864ರಲ್ಲೇ ದಂಡಿನಿಂದ ಜೋಲಾರಪೇಟೆಗೆ ಮದ್ರಾಸ್ ರೈಲ್ವೆ ಬಂದಿತ್ತು. 1881ರ ಹಸ್ತಾಂತರದ ಕರಾರಿನಲ್ಲಿ ರೈಲ್ವೆ ಜಾಗದ ಮೇಲಿನ ಅಧಿಕಾರವೂ ಬ್ರಿಟಿಷರಿಗೆ ಹೋಯಿತು. ಅಂದರೆ ಹಲಸೂರಿನಲ್ಲಿ ಜೇಬು ಕತ್ತರಿಸಿದವನು ಹಳಿ ಮೇಲೆ ನಡೆದು ಹೊಲಕ್ಕೆ ಇಳಿದರೆ ಅರ್ಧ ಗಂಟೆಯಲ್ಲಿ ಮೂರು ಪೊಲೀಸರ ಕೈ ದಾಟಿದ ಹಾಗೆ. ಅವನಿಗೆ ಸುಲಭ. ನನಗೆ ಮೂರು ಕಡೆ ಕಾಗದ ಹುಡುಕುವ ಕೆಲಸ.

1947ರ ಜುಲೈ 26ಕ್ಕೆ ದಂಡು ಪ್ರದೇಶ ಮೈಸೂರಿಗೆ ಮರಳಿತು. 1949ರಲ್ಲಿ ನಗರದ್ದು, ದಂಡಿನದ್ದು ಎರಡೂ ಮುನ್ಸಿಪಾಲಿಟಿ ಸೇರಿ ಕಾರ್ಪೊರೇಷನ್ ಆಯಿತು. 1963ರ ಜುಲೈ 4ಕ್ಕೆ ನಗರಕ್ಕೆ ಪೊಲೀಸ್ ಕಮಿಷನರೇಟ್ ಬಂತು, ಸಿ. ಚಾಂಡಿ ಮೊದಲ ಕಮಿಷನರು. ಆದರೆ ಹೊರವಲಯದ ಠಾಣೆಗಳು ಎಲ್ಲವೂ ಅಂದೇ ನಗರಕ್ಕೆ ಸೇರಲಿಲ್ಲ. ಜಿಲ್ಲಾ ಎಸ್.ಪಿ. ಕೈಕೆಳಗೆ ಇದ್ದು, ಊರು ಬೆಳೆದಂತೆಲ್ಲ ಒಂದೊಂದಾಗಿ ಕಮಿಷನರ ಕೈಗೆ ಬಂದವು. 1986ರಲ್ಲಿ ಗ್ರಾಮಾಂತರ ಜಿಲ್ಲೆ ಬೇರೆಯಾಯಿತು, ಕಡತಗಳು ಇನ್ನೊಂದು ಸಲ ಗಂಟು ಕಟ್ಟಿಸಿಕೊಂಡವು. ಹೀಗೆ ಮೂರು ನಾಲ್ಕು ಸಲ ಮನೆ ಬದಲಾಯಿಸಿದವರ ಟ್ರಂಕಿನಲ್ಲಿ ಹಳೇ ರೇಷನ್ ಕಾರ್ಡ್ ಹುಡುಕಿದ ಹಾಗಿತ್ತು ನನ್ನ ಕೆಲಸ. ಕಮಿಷನರ್ ಕಚೇರಿಗೆ ಹೋದರೆ "ಅದು ಡಿಸ್ಟ್ರಿಕ್ಟ್ ಇದ್ದಾಗಿಂದು, ಅಲ್ಲಿ ಕೇಳಿ" ಅನ್ನುತ್ತಾರೆ. ಅಲ್ಲಿ ಕೇಳಿದರೆ "ಚಾರ್ಜ್ ಕೊಡುವಾಗ ಎಲ್ಲ ಸಿಟಿಗೆ ಕಳಿಸಿದ್ವಲ್ಲ ಸಾರ್" ಅನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ ಅನ್ನುವುದೇ ಸಂಕಟ.

ಠಾಣೆಯ ಗೋಡೆಯ ಮೇಲೆ ಒಂದು ಬೋರ್ಡ್ ಇದೆ. ಸ್ವಾತಂತ್ರ್ಯ ಬಂದ ಮೇಲಿನ ಒಂದು ಇಸವಿ ಬರೆದು ಸ್ಥಾಪನೆ ಎಂದಿದೆ. ಊರಿನ ಅಜ್ಜಂದಿರು ಮಾತ್ರ "ನಮ್ಮಪ್ಪನ ಕಾಲದಲ್ಲೇ ದಫೇದಾರ್ರು ಇದ್ರು" ಅನ್ನುತ್ತಿದ್ದರು. ದಫೇದಾರ ಅಂದರೆ ಈಗಿನ ಹೆಡ್ ಕಾನ್‌ಸ್ಟೇಬಲ್. ಬೋರ್ಡ್ ಸರಿಯೋ ಅಜ್ಜಂದಿರು ಸರಿಯೋ, ನನ್ನ ಹುಡುಕಾಟ ಇಷ್ಟೇ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ, ಆರ್.ಟಿ.ಐ. ಹಾಕಿದೆ. 10 ರೂಪಾಯಿ ಪೋಸ್ಟಲ್ ಆರ್ಡರು, ನಮ್ಮ ರಾಜ್ಯದ ನಿಯಮದಂತೆ 150 ಪದದೊಳಗೆ ಒಂದೇ ವಿಷಯ. ಪೊಲೀಸ್ ವಿಷಯ ಅಂದ ಕೂಡಲೇ ಮಾಹಿತಿ ನಿರಾಕರಿಸಲು ಸೆಕ್ಷನ್ 8 ತೋರಿಸುತ್ತಾರೆ ಅಂತ ಗೊತ್ತಿತ್ತು. ಅದಕ್ಕೇ ಅರ್ಜಿಯಲ್ಲೇ 8(3) ಬರೆದಿದ್ದೆ. 20 ವರ್ಷ ದಾಟಿದ ಸಂಗತಿಗೆ ಮೂರು ವಿನಾಯ್ತಿ ಬಿಟ್ಟು ಉಳಿದವು ನಡೆಯುವುದಿಲ್ಲ. ಈ ಸೆಕ್ಷನ್ ಗೊತ್ತಿರುವವರು ಕಡಿಮೆ, ಬರೆದಿಟ್ಟುಕೊಳ್ಳಿ. ಉತ್ತರ ಬಂತು, ತಕರಾರು ಇಲ್ಲದೇ ಬಂತು: "ಕೋರಿರುವ ದಾಖಲೆ ಲಭ್ಯವಿರುವುದಿಲ್ಲ." ಮೇಲ್ಮನವಿ ಹಾಕಿದೆ. ಅಲ್ಲೂ ಅದೇ ಸಾಲು, ಸೀಲು ಮಾತ್ರ ದೊಡ್ಡದು.

ಇದರಲ್ಲಿ ಯಾರದೂ ಕುತಂತ್ರ ಇಲ್ಲ. ಠಾಣೆಯ ರಿಜಿಸ್ಟರುಗಳಿಗೆಲ್ಲ ಪೊಲೀಸ್ ಮ್ಯಾನ್ಯುಯಲ್‌ನಲ್ಲಿ ಆಯಸ್ಸು ಬರೆದಿದೆ. ಅವಧಿ ಮುಗಿದದ್ದನ್ನು ಪಟ್ಟಿ ಮಾಡಿ ನಾಶ ಮಾಡುತ್ತಾರೆ. ಸ್ಟೇಷನ್ ಹೌಸ್ ಡೈರಿಯನ್ನು ಎಪ್ಪತ್ತು ವರ್ಷ ಯಾರು ಇಟ್ಟುಕೊಳ್ಳುತ್ತಾರೆ? ಮುದ್ದೆಮಾಲು (ಜಪ್ತಿ ಮಾಡಿದ ವಸ್ತು) ಇಡಲಿಕ್ಕೇ ಜಾಗ ಇಲ್ಲ. ಠಾಣೆಯಲ್ಲಿ ಬರವಣಿಗೆ ಕೆಲಸ ನೋಡುವ ರೈಟರು ನನಗೆ ಒಂದು ಬೀರು ತೆಗೆದು ತೋರಿಸಿದರು. ಮೇಲಿನ ಖಾನೆಯಲ್ಲಿ ಬಂದೋಬಸ್ತ್ ಪಟ್ಟಿಗಳು, ಕೆಳಗೆ ಹೆಲ್ಮೆಟ್ಟು, ಅದರ ಹಿಂದೆ ಗೆದ್ದಲು ತಿಂದ ಒಂದು ಬೈಂಡು. ತೆಗೆದರೆ ರಟ್ಟು ಕೈಗೆ ಬಂತು, ಹಾಳೆಗಳು ಮಣ್ಣಾಗಿ ಅಲ್ಲೇ ಉಳಿದವು. "ಇದೇ ಸಾರ್ ನಿಮ್ಮ ಇತಿಹಾಸ" ಅಂದರು ರೈಟರು. ಅವರೂ ನಕ್ಕರು, ನಾನೂ ನಕ್ಕೆ. ಆ ಆರ್.ಟಿ.ಐ. ಸುತ್ತಿನಲ್ಲಿ ಅಂಚೆ, ಜೆರಾಕ್ಸ್, ಓಡಾಟ ಎಲ್ಲ ಸೇರಿ ಎರಡೂವರೆ ಮೂರು ಸಾವಿರ ಹೋಯಿತು, ಕೈಗೆ ಬಂದದ್ದು ರಟ್ಟು.

ಆಮೇಲೆ ಗೆಜೆಟ್. ಠಾಣೆ ಅಂತ ಸರ್ಕಾರ ಘೋಷಿಸಿದರೆ, ಸರಹದ್ದು ಬದಲಾಯಿಸಿದರೆ ಅಧಿಸೂಚನೆ ಇರಲೇಬೇಕು, ಹಳ್ಳಿಗಳ ಪಟ್ಟಿಯೂ ಇರಬೇಕು. ಕಬ್ಬನ್ ಪಾರ್ಕಿನ ಕೆಂಪು ಲೈಬ್ರರಿ, ವಿಧಾನಸೌಧದ ಪತ್ರಾಗಾರ, ಎರಡೂ ಕಡೆ ಕೂತೆ. ಸಂಪುಟಗಳು ಇವೆ. ಆದರೆ ಇಸವಿ ಗೊತ್ತಿಲ್ಲದೆ ಗೆಜೆಟ್ ಹುಡುಕುವುದು ಶಿಕ್ಷೆ. ಒಂದೊಂದು ವರ್ಷಕ್ಕೂ ದಪ್ಪ ದಪ್ಪ ಸಂಪುಟ, ನನಗೆ ಬೇಕಾದ ಕೆಲವು ವರ್ಷಗಳಿಗೆ ಇಂಡೆಕ್ಸೇ ಇರಲಿಲ್ಲ. ಹಳ್ಳಿ ಹೆಸರಿನ ಇಂಗ್ಲಿಷ್ ಕಾಗುಣಿತ ಒಂದೊಂದು ಕಡೆ ಒಂದೊಂದು ಥರ. ಹೊಸಬರಿಗೆ ನನ್ನ ಮಾತು ಇಷ್ಟು: ಗೆಜೆಟ್ ಕೊನೆಯಲ್ಲಿ ನೋಡಿ. ಇಸವಿಯನ್ನು ಐದು ವರ್ಷದ ಒಳಗೆ ಕಟ್ಟಿಹಾಕಿಕೊಂಡು ಆಮೇಲೆ ಹೋಗಿ.

ನಡುವೆ ಒಂದು ಹುಚ್ಚು ಹತ್ತಿತು. ಮಗನ ಸ್ನೇಹಿತ ಒಬ್ಬ ಸಾಫ್ಟ್‌ವೇರ್ ಹುಡುಗ, "ಅಂಕಲ್, ಫೋಟೋ ತೆಗೀರಿ, ಓಸಿಆರ್ ಹಾಕಿ ಸರ್ಚ್ ಮಾಡೋಣ" ಅಂದ. ಓಸಿಆರ್ ಅಂದರೆ ಫೋಟೋದಲ್ಲಿನ ಅಕ್ಷರವನ್ನು ಕಂಪ್ಯೂಟರೇ ಓದುವುದು. ನೂರಾರು ಪುಟದ ಫೋಟೋ ತೆಗೆದೆವು. ಇಂಗ್ಲಿಷ್ ಪುಟ ಪರವಾಗಿಲ್ಲ. ಹಳೇ ಮೊಳೆ ಅಚ್ಚಿನ ಕನ್ನಡ ಪುಟ ಹಾಕಿದರೆ ಒತ್ತಕ್ಷರವೆಲ್ಲ ಕಳಚಿ ಮುಂದಿನ ಸಾಲಿಗೆ ಬೀಳುತ್ತಿತ್ತು. ಠಾಣೆ ಎಂದು ಹುಡುಕಿದರೆ ಒಂದೂ ಇಲ್ಲ, ಯಾಕೆಂದರೆ ಅದು ಠಕಾರವನ್ನೆಲ್ಲ ರಕಾರ ಮಾಡಿತ್ತು. ಹುಡುಗ ಒಂದು ವಾರ ಹಟ ಹಿಡಿದು, ಆಮೇಲೆ ಅಪ್ರೈಸಲ್ ಬಂತು ಅಂತ ಬಿಟ್ಟ. ನನಗೆ ಬಿಸಿಲು ಬೀಳುವ ಕಿಟಕಿ ಯಾವುದು, ಫೋನು ಹೇಗೆ ಹಿಡಿದರೆ ನೆರಳು ಬೀಳುವುದಿಲ್ಲ ಅನ್ನುವ ವಿದ್ಯೆ ಉಳಿಯಿತು.

ಇನ್ನೊಂದು ಪ್ರಯೋಗ ಠಾಣೆಯ ಆವರಣದಲ್ಲೇ. ಹಿಂದುಗಡೆ ಹಳೇ ಕಟ್ಟಡ ಇದೆ, ಈಗ ಸೀಜ್ ಮಾಡಿದ ಬೈಕುಗಳ ಗೋಡೌನು. ಬಾಗಿಲ ಮೇಲೆ ಒಂದು ಕಲ್ಲು ಪಟ್ಟಿ. ವರ್ಷ ವರ್ಷ ಬಳಿದ ಆಯಿಲ್ ಪೇಂಟ್ ಪದರ ಪದರವಾಗಿ ಕೂತು ಅಕ್ಷರ ಮುಚ್ಚಿಹೋಗಿತ್ತು. ಕೆರೆದರೆ ಕಲ್ಲು ಹಾಳು. ಶಾಸನ ಓದುವವರ ಥರ ಹಿಟ್ಟು ಬಳಿಯೋಣ ಅಂದರೆ ಪೇಂಟಿನ ಮೇಲೆ ಹಿಟ್ಟು ನಿಲ್ಲುವುದಿಲ್ಲ. ಕೊನೆಗೆ ರಾತ್ರಿ ಎಂಟರ ಮೇಲೆ ಹೋದೆ. ಆವರಣದ ಲೈಟು ಆರಿಸಿ, ಪಿ.ಸಿ. (ಕಾನ್‌ಸ್ಟೇಬಲ್) ಒಬ್ಬರನ್ನು ಸ್ಟೂಲ್ ಮೇಲೆ ಹತ್ತಿಸಿ, ಟಾರ್ಚನ್ನು ಕಲ್ಲಿಗೆ ಅಂಟಿಸಿದಂತೆ ಪಕ್ಕದಿಂದ ಬಿಡಿಸಿದೆ. ಎದುರಿನಿಂದ ಬಿಟ್ಟರೆ ಪೇಂಟು ಹೊಳೆಯುತ್ತದೆ ಅಷ್ಟೇ. ಪಕ್ಕದಿಂದ ಬಿಟ್ಟರೆ ಒಂದು ಕೂದಲೆಳೆಯ ತಗ್ಗಿಗೂ ನೆರಳು ಬೀಳುತ್ತದೆ. ಟಾರ್ಚನ್ನು ಎಡಕ್ಕೆ ಸರಿಸಿದಾಗ ಇಂಗ್ಲಿಷಿನ ಪಿ, ಡಬ್ಲ್ಯು, ಡಿ ಎದ್ದು ಬಂದವು. ಕೆಳಗಿನಿಂದ ಮೇಲಕ್ಕೆ ಹಿಡಿದಾಗ ಎರಡು ಅಂಕಿ. ದೂರು ಕೊಡಲಿಕ್ಕೆ ಬಂದ ಹೆಂಗಸೊಬ್ಬರು ನಿಂತು ನೋಡಿ, "ಏನ್ ಸಾರ್, ಗೋಡೆಗೆ ವಿಚಾರಣೆನಾ?" ಅಂದರು. ಪಿ.ಸಿ. ನಗುತ್ತಾ ಸ್ಟೂಲ್ ಅಲ್ಲಾಡಿಸಿದರು, ಫೋಟೋ ಎಲ್ಲ ಮಸುಕು. ಮತ್ತೆ ತೆಗೆದೆವು. ಬೆಳಗ್ಗೆ ಕಂಪ್ಯೂಟರಿನಲ್ಲಿ ನೋಡಿದರೆ ಅದು ಕಟ್ಟಿದ ಇಸವಿ ಅಲ್ಲ, ಚಾವಣಿ ದುರಸ್ತಿ ಮಾಡಿದ ಇಸವಿ! ಆದರೂ ಬೋರ್ಡಿನಲ್ಲಿದ್ದ ಸ್ಥಾಪನೆಯ ಇಸವಿಗಿಂತ ಅದು ಹಿಂದಿನದು. ಸ್ಥಾಪನೆಗೆ ಮುಂಚೆ ದುರಸ್ತಿ ಆಗಲ್ಲ, ಅಲ್ವಾ? ಅಲ್ಲಿಂದ ನನಗೆ ಧೈರ್ಯ ಬಂತು.

ಈಗ ಅಸಲು ವಿಷಯ.

ರಿಜಿಸ್ಟ್ರೇಷನ್ ಕಾಯ್ದೆಯ ಸೆಕ್ಷನ್ 57 ಓದಿದ್ದೀರಾ? ಒಂದನೇ ಪುಸ್ತಕವನ್ನೂ ಅದರ ಇಂಡೆಕ್ಸನ್ನೂ ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು. ಸ್ಥಿರಾಸ್ತಿಯ ಪತ್ರಗಳೆಲ್ಲ ನಕಲಾಗುವುದು ಅದರಲ್ಲೇ. ಅಲ್ಲಿ ನೀವು ಸೈಟಿನ ಮಾಲೀಕರೇ ಆಗಿರಬೇಕು ಅಂತ ಇಲ್ಲ. ಆಫೀಸಿನಲ್ಲಿ ಮೊದಲು "ನಿಮಗೇನು ಸಂಬಂಧ?" ಅಂತ ಕೇಳುತ್ತಾರೆ, ಸೆಕ್ಷನ್ ಹೇಳಿದರೆ ಒಂದು ಕ್ಷಣ ಸುಮ್ಮನಾಗಿ ಅರ್ಜಿ ತೆಗೆದುಕೊಳ್ಳುತ್ತಾರೆ. ಆನ್‌ಲೈನ್ ಕಾವೇರಿ, ಅಂದರೆ ನೋಂದಣಿ ಇಲಾಖೆಯ ವೆಬ್‌ಸೈಟು, ನೆಚ್ಚಿಕೊಳ್ಳಬೇಡಿ. ಕಂಪ್ಯೂಟರ್ ಇ.ಸಿ. ಸಿಗುವುದು 2004ರಿಂದ ಈಚೆಗೆ. ನಮಗೆ ಬೇಕಾದದ್ದು ಧೂಳಿನ ಕೋಣೆಯಲ್ಲಿದೆ.

ಲೆಕ್ಕ ಸರಳ. ಪೊಲೀಸ್ ಇಲಾಖೆ ತನ್ನ ಕಾಗದ ಸುಡಬಹುದು. ಪಕ್ಕದ ಮನೆಯವನು ತನ್ನ ಕಾಗದ ಸುಡುವುದಿಲ್ಲ, ನೋಂದಣಿ ಇಲಾಖೆ ಒಂದನೇ ಪುಸ್ತಕ ನಾಶ ಮಾಡುವುದಿಲ್ಲ. ಪಕ್ಕದವನು ಮನೆ ಮಾರುವಾಗ ನಾಲ್ಕು ದಿಕ್ಕು ಬರೆಸಲೇಬೇಕು. ಪೂರ್ವಕ್ಕೆ ಓಣಿ, ಪಶ್ಚಿಮಕ್ಕೆ ಇಂಥವರ ಹಿತ್ತಲು, ದಕ್ಷಿಣಕ್ಕೆ ಮದ್ರಾಸ್ ರಸ್ತೆ, ಉತ್ತರಕ್ಕೆ? ಆ ಉತ್ತರದಲ್ಲೇ ನಮ್ಮ ಉತ್ತರ.

ಮೊದಲು ಠಾಣೆಯ ಸರ್ವೆ ನಂಬರ್ ಬೇಕು. ಕೆ.ಆರ್. ವೃತ್ತದ ಸರ್ವೆ ಇಲಾಖೆಯ ಗ್ರಾಮ ನಕ್ಷೆ ಹಿಡಿದುಕೊಂಡು, ಸರ್ವೆ ನಂಬರುಗಳ ವಿಸ್ತೀರ್ಣ, ಕಂದಾಯ ಬರೆದಿಡುವ ಆಕಾರ್‌ಬಂದ್ ನೋಡಿ, ಖರಾಬು, ಅಂದರೆ ಸಾಗುವಳಿಗೆ ಬಾರದ ಜಾಗ, ಎಷ್ಟು ಅಂತ ತೆಗೆದೆ. ಬಿ ಖರಾಬು ಅಂದರೆ ಸಾರ್ವಜನಿಕ ಉಪಯೋಗದ್ದು. ನಮ್ಮ ಠಾಣೆ ಕೂತಿರುವುದು ಅಂಥ ಒಂದು ತುಂಡಿನ ಮೇಲೆ. ಅದಕ್ಕೆ ಅಂಟಿಕೊಂಡ ಖಾಸಗಿ ಜಮೀನು ಯಾವುದು, ಅದು ಯಾವಾಗ ಸೈಟುಗಳಾಗಿ ಒಡೆಯಿತು, ಯಾರ ವಂಶಕ್ಕೆ ಹೋಯಿತು ಅಂತ ಹಿಂದಕ್ಕೆ ಹೋಗಬೇಕು. ಸರಿಯಾದ ಪಕ್ಕದವನನ್ನು ಹಿಡಿಯುವುದು ಹೇಗೆ ಅನ್ನುವುದರಲ್ಲಿ ಒಂದು ಕೈಚಳಕ ಇದೆ. ಎಲ್ಲ ನೆರೆಯವರೂ ಉಪಯೋಗಕ್ಕೆ ಬರುವುದಿಲ್ಲ. ಅದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ, ಇನ್ನೂ ಎರಡು ಠಾಣೆ ನನ್ನ ಪಟ್ಟಿಯಲ್ಲಿವೆ. ಅಳತೆಪಟ್ಟಿಗಿಂತ ವಂಶವೃಕ್ಷ ಮುಖ್ಯ ಅಂತ ಸುಳಿವು ಕೊಡಬಲ್ಲೆ.

ನಮ್ಮ ಅದೃಷ್ಟ, ಒಂದು ಹಳೇ ಮನೆಯವರು ಮೂರು ತಲೆಮಾರಿನಲ್ಲಿ ಮಾರಾಟ, ಅಡಮಾನ, ವಿಭಾಗ ಅಂತ ಪದೇ ಪದೇ ರಿಜಿಸ್ಟರ್ ಮಾಡಿಸಿದ್ದರು. ಕಷ್ಟದಲ್ಲಿದ್ದ ಕುಟುಂಬ ಇತಿಹಾಸಕಾರನಿಗೆ ವರ. ಅತಿ ಹಳೇ ಪತ್ರದಲ್ಲಿ ಉತ್ತರಕ್ಕೆ "ಸರ್ಕಾರಿ ಬೀಳು" ಎಂದಿದೆ. ಮೊದಲ ಮಹಾಯುದ್ಧ ಮುಗಿದ ಸುಮಾರಿನ ಅಡಮಾನ ಪತ್ರದಲ್ಲಿ ಉತ್ತರಕ್ಕೆ "ಪೋಲೀಸು ಔಟುಪೋಸ್ಟು", ಅಂದರೆ ಠಾಣೆಯೊಂದರ ಕೈಕೆಳಗಿನ ಸಣ್ಣ ಹೊರಠಾಣೆ. ಗುಮಾಸ್ತನೊಬ್ಬ ಕೈಯಲ್ಲಿ ನಕಲು ಮಾಡಿದ ಪುಟ, ಶಾಯಿ ಕಂದು ಬಣ್ಣಕ್ಕೆ ತಿರುಗಿದೆ, ಮೊದಲು "ಪೋಸ್ಟಾಪೀಸು" ಎಂದು ಬರೆದು, ಹೊಡೆದುಹಾಕಿ, ಮೇಲೆ ಸರಿ ಮಾಡಿ ರುಜು ಹಾಕಿದ್ದಾನೆ. ಆ ತಿದ್ದುಪಡಿ ನೋಡಿ ನನಗೆ ಕುಣಿಯುವಷ್ಟು ಖುಷಿ. ಸುಮ್ನೆ ನಕಲು ಹೊಡೆದವನು ತಿದ್ದುವುದಿಲ್ಲ. ಮೂಲ ಪತ್ರ ಎದುರಿಗಿಟ್ಟುಕೊಂಡು ಓದಿ ಬರೆದವನು ಮಾತ್ರ ತಿದ್ದುತ್ತಾನೆ. ಬೋರ್ಡಿಗಿಂತ ಹತ್ತಿರ ಹತ್ತಿರ ಮೂವತ್ತು ವರ್ಷ ಹಿಂದೆ ಹೋದೆವು. ಅಜ್ಜಂದಿರು ಗೆದ್ದರು.

ಇಲ್ಲಿ ಎರಡು ಗುಂಡಿ ಇವೆ, ನಮ್ಮವರು ಬೀಳುವುದು ನೋಡಿದ್ದೇನೆ. ಒಂದು, ಚಕ್ಕುಬಂದಿಯನ್ನು ಹಿಂದಿನ ಪತ್ರದಿಂದ ಹಾಗೇ ಇಳಿಸುವ ಚಾಳಿ. ಉತ್ತರಕ್ಕೆ ಠಾಣೆ ಬಂದು ಹತ್ತು ವರ್ಷ ಆದ ಮೇಲೂ "ಬೀಳು" ಎಂದೇ ಬರೆದಿರುತ್ತಾರೆ. ಹಾಗಾಗಿ ಠಾಣೆ ಇಲ್ಲ ಎನ್ನುವ ಪತ್ರ ಏನನ್ನೂ ಸಾಬೀತು ಮಾಡುವುದಿಲ್ಲ. ಇದೆ ಎನ್ನುವ ಮೊದಲ ಪತ್ರಕ್ಕೆ ಮಾತ್ರ ಬೆಲೆ. ಎರಡು, ಬರೀ "ಚೌಕಿ" ಎಂದಿದ್ದರೆ ಹಿಗ್ಗಬೇಡಿ. ಆ ರಸ್ತೆಯಲ್ಲಿ ಸುಂಕ ವಸೂಲಿಯವರೂ ಕೂರುತ್ತಿದ್ದರು. ಪೊಲೀಸ್ ಅಂತ ಸ್ಪಷ್ಟವಾಗಿ ಇರಬೇಕು, ಇಲ್ಲವೇ ಸಾಕ್ಷಿ ಹಾಕಿದವನ ಹುದ್ದೆ ಇರಬೇಕು.

ಸಾಕ್ಷಿ ಅಂದೆನಲ್ಲ, ಅದು ನಾನು ನಿರೀಕ್ಷಿಸದೇ ಸಿಕ್ಕ ನಿಧಿ. ಆ ಕಾಲದಲ್ಲಿ ಊರಲ್ಲಿ ಓದು ಬರಹ ಬಲ್ಲವರು ನಾಲ್ಕಾರು ಜನ. ಶಾನುಭೋಗರು, ಮೇಷ್ಟ್ರು, ಪಕ್ಕದಲ್ಲೇ ಇರುವ ದಫೇದಾರರು. ಪತ್ರಕ್ಕೆ ಸಾಕ್ಷಿ ಬೇಕು ಅಂದರೆ ಕೂಗಿ ಕರೆಯುವುದು ಅವರನ್ನೇ. ರುಜು ಹಾಕಿ ಕೆಳಗೆ ಹುದ್ದೆ, ಇರುವ ಊರು ಬರೆಯುತ್ತಿದ್ದರು. ಹೀಗೆ ಆ ಔಟ್‌ಪೋಸ್ಟಿನಲ್ಲಿದ್ದ ಏಳೆಂಟು ಜನರ ಹೆಸರು ಸಿಕ್ಕಿತು. ಯಾವ ಪೊಲೀಸ್ ದಾಖಲೆಯಲ್ಲೂ ಈಗ ಅವರಿಲ್ಲ. ಒಬ್ಬರ ಮೊಮ್ಮಗ ಈಗಲೂ ಅಲ್ಲೇ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾರೆ. ಪುಟ ತೋರಿಸಿದಾಗ ತಾತನ ರುಜುವನ್ನು ಫೋನಿನಲ್ಲಿ ದೊಡ್ಡದು ಮಾಡಿ ಮಾಡಿ ನೋಡಿದರು, ಆಮೇಲೆ ಪುಸ್ತಿಕೆಗೆ ಐದು ಸಾವಿರ ಕೊಟ್ಟರು.

ಕೆಲವು ಪತ್ರಗಳ ಮೂಲ ಪ್ರತಿ ಮನೆಯವರ ಹತ್ತಿರವೇ ಇತ್ತು, ಅಕ್ಷರ ಕೂಡಿಸಿ ಬರೆಯುವ ಹಳೇ ಮೋಡಿ ಬರವಣಿಗೆ. ನನಗೆ ಅರ್ಧಂಬರ್ಧ ಬರುತ್ತದೆ. ಶಾನುಭೋಗರ ಮನೆತನದ ಹಿರಿಯರೊಬ್ಬರನ್ನು ಹಿಡಿದು ಓದಿಸಿದೆ, ನಾಲ್ಕು ಸಾವಿರ ಗೌರವಧನ, ಜೊತೆಗೆ ಪ್ರತಿ ಸಲ ಒಂದು ಕಾಲು ಕೆ.ಜಿ. ಗೋಡಂಬಿ ಪಕೋಡ. ಅದಿಲ್ಲದೆ ಕನ್ನಡಕ ಹಾಕುತ್ತಿರಲಿಲ್ಲ.

ಔಟ್‌ಪೋಸ್ಟು ಠಾಣೆ ಆದದ್ದು ಯಾವಾಗ? ಅದಕ್ಕೆ ಪಿಂಚಣಿದಾರರು ಬೇಕಾದರು. ಅವರ ನೆನಪಲ್ಲ, ಅವರ ಸರ್ವಿಸ್ ರಿಜಿಸ್ಟರು. ನೆನಪು ಕೇಳಿದರೆ ಎಲ್ಲರೂ ತಾವು ಸೇರಿದಾಗ ಬರೀ ಕಾಡು, ನರಿ ಕೂಗುತ್ತಿತ್ತು ಅನ್ನುತ್ತಾರೆ. 1958ರಲ್ಲಿ ಸೇರಿದವರೂ ನರಿ, 1979ರಲ್ಲಿ ಸೇರಿದವರೂ ನರಿ. ಎಸ್.ಆರ್. ಜೆರಾಕ್ಸು ಮಾತ್ರ ಸುಳ್ಳು ಹೇಳುವುದಿಲ್ಲ. ಒಬ್ಬ ನಿವೃತ್ತ ಎ.ಎಸ್.ಐ. ತಮ್ಮ ತಂದೆಯದನ್ನೂ ಜೋಪಾನ ಮಾಡಿದ್ದರು, ಅವರೂ ಪೇದೆ. ಅದರ ವರ್ಗಾವಣೆ ಕಲಮಿನಲ್ಲಿ ಅದೇ ಜಾಗ ಮೊದಲು ಒ.ಪಿ. (ಔಟ್‌ಪೋಸ್ಟ್) ಎಂದಿದೆ, ಕೆಲವು ವರ್ಷ ಬಿಟ್ಟು ಪಿ.ಎಸ್. (ಪೊಲೀಸ್ ಸ್ಟೇಷನ್) ಎಂದಾಗಿದೆ. ಈ ಎರಡು ಅಕ್ಷರ ಸಿಕ್ಕ ಮೇಲೆ ಗೆಜೆಟ್‌ಗೆ ವಾಪಸ್ ಹೋದೆ. ನೋಡಬೇಕಾದದ್ದು ಬರೀ ನಾಲ್ಕು ವರ್ಷದ ಸಂಪುಟ. ಒಂದೇ ಬೆಳಗ್ಗೆ ಮುಗಿಯಿತು. ಅಧಿಸೂಚನೆ, ಕೆಳಗೆ ಹಳ್ಳಿಗಳ ಪಟ್ಟಿ. ಬೋರ್ಡಿನ ಇಸವಿ ಇದೇ! ಅಂದರೆ ಬೋರ್ಡ್ ಸುಳ್ಳಲ್ಲ, ಅದು ಠಾಣೆಯಾದ ಇಸವಿ. ಅಲ್ಲಿ ಪೊಲೀಸರು ಬಂದು ಕೂತದ್ದು ಅದಕ್ಕಿಂತ ಬಹಳ ಮುಂಚೆ. ಗೆಜೆಟ್ ಮಾತ್ರ ನೋಡಿದವರು ಬೋರ್ಡಿನಲ್ಲೇ ನಿಂತುಬಿಡುತ್ತಿದ್ದರು.

ಆ ಪಟ್ಟಿಯ ಹಳ್ಳಿಗಳನ್ನು ನಕ್ಷೆಗೆ ಇಳಿಸುವ ಆಸೆಯಾಯಿತು. ಸರ್ವೆ ಆಫ್ ಇಂಡಿಯಾದ ಮೈಲಿಗೆ ಒಂದಿಂಚಿನ ಹಳೇ ನಕ್ಷೆ ಶೀಟಿನಲ್ಲಿ ಠಾಣೆ ಇದ್ದಲ್ಲಿ ಪಿ.ಎಸ್. ಎಂದು ಗುರುತು ಇರುತ್ತದೆ, ನಿಮಗೆ ಗೊತ್ತೇ ಇದೆ. ನಮ್ಮ ಗ್ರಹಚಾರಕ್ಕೆ 13 ಡಿಗ್ರಿ ಅಕ್ಷಾಂಶ ರೇಖೆ ಆ ಸೀಮೆಯಲ್ಲೇ ಹಾಯುತ್ತದೆ. ಅರ್ಧ ಹಳ್ಳಿಗಳು 57ಎಚ್/9 ನಂಬರಿನ ಶೀಟಿನಲ್ಲಿ, ಅರ್ಧ 57ಜಿ/12ರಲ್ಲಿ. ಎರಡು ಶೀಟನ್ನು ನಕ್ಷೆಯ ಸಾಫ್ಟ್‌ವೇರ್ ಆದ ಕ್ಯೂಜಿಐಎಸ್‌ನಲ್ಲಿ ಅಂಟಿಸಿದರೆ ರಸ್ತೆ ಒಂದು ಮಾರು ಆಚೀಚೆ. ಬೇರೆ ಬೇರೆ ವರ್ಷ ಪರಿಷ್ಕರಿಸಿದ ಶೀಟುಗಳು, ಕೆರೆ ಒಂದರಲ್ಲಿ ತುಂಬಿದೆ, ಇನ್ನೊಂದರಲ್ಲಿ ಇಲ್ಲವೇ ಇಲ್ಲ. ದೇವಸ್ಥಾನ, ಕೆರೆ ಏರಿ, ರೈಲ್ವೆ ಗೇಟು ಗುರುತು ಹಾಕಿ ಎಳೆದು ಕೂರಿಸಿದೆ. ಪೂರ್ತಿ ಸರಿ ಬಂದಿಲ್ಲ. ಪುಸ್ತಿಕೆಯಲ್ಲಿ ಹಾಕಿದ್ದೇನೆ, ತಪ್ಪು ಹುಡುಕುವವರಿಗೂ ಕೆಲಸ ಬೇಕಲ್ಲ. ನಕ್ಷೆ ನೋಡಿದ ಇನ್ಸ್‌ಪೆಕ್ಟರು ಮಾತ್ರ ಬೆರಳಿಟ್ಟು ಎಣಿಸಿ, "ಇಷ್ಟೂ ಹಳ್ಳಿಗೆ ಆಗ ಸೈಕಲ್ಲಿನಲ್ಲಿ ಬೀಟಾ? ಈಗ ಇದರೊಳಗೇ ಎಷ್ಟು ಠಾಣೆ ಇದಾವೆ ಗೊತ್ತಾ ಸಾರ್" ಅಂದರು.

ಅದಕ್ಕೂ ಹಿಂದಿನ ಕಾಲದ ಬಗ್ಗೆ ಎರಡೇ ಪುಟ ಬರೆದೆ. ಬ್ರಿಟಿಷರು ಮೈಸೂರಿನ ಆಡಳಿತ ವಹಿಸಿಕೊಂಡ 1831ರ ಮೊದಲೂ ನಂತರವೂ ತಾಲ್ಲೂಕಿನ ಅಧಿಕಾರಿ ಅಮಲ್ದಾರನೇ ಕಂದಾಯಕ್ಕೂ ಪೊಲೀಸಿಗೂ ಯಜಮಾನ, ಕೈಕೆಳಗೆ ಕಂದಾಚಾರ ಎಂಬ ಸ್ಥಳೀಯ ಪಡೆಯ ಪೇದೆಗಳು, ಊರಲ್ಲಿ ಪಟೇಲ, ತಳವಾರ. ಇದು ಎಲ್ಲ ಪುಸ್ತಕದಲ್ಲೂ ಇದೆ, ಅದನ್ನೇ ಉದ್ದ ಎಳೆದು ಪುಟ ತುಂಬಿಸುವುದು ನನಗೆ ಸರಿ ಬರುವುದಿಲ್ಲ. ನಮ್ಮೂರಿನ ತಳವಾರರ ಇನಾಮು ಜಮೀನು ಯಾವುದು ಅಂತ ಮಾತ್ರ ಹುಡುಕಿ ಸೇರಿಸಿದೆ. ಈಗ ಅಲ್ಲಿ ಕಲ್ಯಾಣ ಮಂಟಪ.

ಬಾಕಿ ಉಳಿದದ್ದು ರೈಲ್ವೆ ಪೊಲೀಸು ಮತ್ತು ದಂಡಿನ ಪೊಲೀಸು. ರೆಸಿಡೆನ್ಸಿ ಕಡೆಯ ಕಾಗದ ಬೇಕು ಅಂದರೆ ದೆಹಲಿಯ ರಾಷ್ಟ್ರೀಯ ಪತ್ರಾಗಾರದ ವೆಬ್‌ಸೈಟ್ ಅಭಿಲೇಖ್ ಪಟಲ್‌ನಲ್ಲಿ ಮೊದಲು ಹುಡುಕಿ, ಮನೆಯಿಂದಲೇ ಆಗುತ್ತದೆ. ಗಡಿ ದಾಟಿ ಆರೋಪಿಯನ್ನು ಒಪ್ಪಿಸುವ ಪತ್ರವ್ಯವಹಾರದಲ್ಲಿ ನಮ್ಮ ಕಡೆಯ ಹಳ್ಳಿಗಳ ಹೆಸರು ಬರುತ್ತವೆ. ಯಾವ ಪದ ಹಾಕಿ ಹುಡುಕಿದರೆ ಬರುತ್ತವೆ ಅನ್ನುವುದು ನನ್ನ ಎರಡನೇ ಗುಟ್ಟು.

ದುಡ್ಡಿನ ಲೆಕ್ಕ ಎಲ್ಲರೂ ಕೇಳುತ್ತಾರೆ. ನೆನಪಿನಿಂದ ಹೇಳುತ್ತೇನೆ. ಹುಡುಕಾಟದ ಶುಲ್ಕ, ದೃಢೀಕೃತ ನಕಲು ಸೇರಿ ಒಂಬತ್ತು ಹತ್ತು ಸಾವಿರ. ಸರ್ವೆ ಕಾಗದ ಒಂದೂವರೆ. ಆಟೊ, ಮೆಟ್ರೊ, ಊಟ ಏಳೆಂಟು. ಹಳೇ ಫೋಟೋ ಸ್ಕ್ಯಾನು ಎರಡು. ಮುದ್ರಣ ಮುನ್ನೂರು ಪ್ರತಿಗೆ ಇಪ್ಪತ್ತೆಂಟು ಸಾವಿರದ ಹತ್ತಿರ. ಎಲ್ಲ ಕೂಡಿ ಐವತ್ತೈದರ ಒಳಗೆ ಮುಗಿದಿದೆ. ಮೊದಲು ಮಾತಾಡಿಸಿದ ಒಂದು ಸಂಸ್ಥೆಯವರು ಇದೇ ಕೆಲಸಕ್ಕೆ ಪ್ರಾಜೆಕ್ಟ್ ಅಂತ ಹೆಸರಿಟ್ಟು ನಾಲ್ಕು ಲಕ್ಷ ಕೇಳಿದ್ದರು, ಅದರಲ್ಲಿ ಉದ್ಘಾಟನೆಯ ಊಟವೂ ಸೇರಿತ್ತು. ಪ್ರತಿಗೆ ನೂರೈವತ್ತರಂತೆ ಮಾರಿ ಮುಕ್ಕಾಲು ಪಾಲು ವಾಪಸ್ ಬಂದಿದೆ. ಉಳಿದದ್ದು ಪ್ರೊಫೆಸರ್ ಥರದವರ ಹತ್ತಿರ ಇದೆ.

ಕೈ ಹಾಕುವವರಿಗೆ ಇನ್ನೊಂದು ಮಾತು, ಇದು ಗುಟ್ಟಲ್ಲ. ಸಬ್ ರಿಜಿಸ್ಟ್ರಾರ್ ಆಫೀಸಿಗೆ ಶ್ರಾವಣದಲ್ಲಿ ಹೋಗಬೇಡಿ, ಅಕ್ಷಯ ತದಿಗೆ ಆಸುಪಾಸು ಅಂತೂ ಬೇಡವೇ ಬೇಡ. ಕಾಲಿಡಲಿಕ್ಕೆ ಜಾಗ ಇರುವುದಿಲ್ಲ, ಹಳೇ ಪುಸ್ತಕ ಕೇಳಿದರೆ ಬೈಯುತ್ತಾರೆ. ಆಷಾಢದಲ್ಲಿ ಹೋಗಿ. ಯಾರೂ ಸೈಟು ಕೊಳ್ಳುವುದಿಲ್ಲ, ಆಫೀಸಿನವರಿಗೂ ಬೇಜಾರು, ರೆಕಾರ್ಡ್ ರೂಮಿನವರೇ ಏಣಿ ತಂದು ಹತ್ತಿ ಕೆಳಗಿಳಿಸಿ ಕೊಡುತ್ತಾರೆ, ಜೊತೆಗೆ ಕೂತು ಓದುತ್ತಾರೆ ಕೂಡ. ನನ್ನ ಪಟ್ಟಿಯ ಎರಡನೇ ಠಾಣೆಗೆ ಬೇಕಾದ ವಂಶವೃಕ್ಷ ಈಗಾಗಲೇ ಸಿದ್ಧ ಇದೆ. ಆಷಾಢ ಬರಲಿ ಅಂತ ಕಾಯುತ್ತಿದ್ದೇನೆ.